ಅಂಟು ಒಣಗುವವರೆಗೆ

ಚಾಕುವನ್ನು ಎಷ್ಟು ಆಳಕ್ಕೆ ಇಳಿಸಬೇಕೆನ್ನುವುದೇ ಅವನಿಗೆ ಗೊತ್ತಾಗಲಿಲ್ಲ. ರಟ್ಟಿನ ಕೆಳಗೆ ಬೆರಳಗಲದಲ್ಲೇ ರೆಕ್ಕೆ ಮಲಗಿರಬಹುದು. ಮೊದಲ ಗೀರು ಅದರ ಮೇಲೇ ಬಿದ್ದರೆ? ಚಾಕು ಕೆಳಗಿಟ್ಟು ಅಂಟುಪಟ್ಟಿಯನ್ನು ಉಗುರಿನಿಂದ ಕೀಳತೊಡಗಿದ.

"ಇನ್ನೂ ಬಿಚ್ಚಿಲ್ವಾ?" ಹೆಂಡತಿ ಒಳಕೋಣೆಯಿಂದ ಕೇಳಿದಳು.

"ಬಿಚ್ತಾ ಇದ್ದೀನಿ."

"ಒಂದು ಗಂಟೆಯಿಂದಾನಾ?"

ಅವನು ಪಟ್ಟಿಯ ಇನ್ನೊಂದು ತುದಿಗೆ ಉಗುರು ಹಾಕಿದ. ಉತ್ತರ ಬೇಡದ ಪ್ರಶ್ನೆಗಳನ್ನು ಗುರುತಿಸುವುದರಲ್ಲಿ ಅವನು ಪಳಗಿದ್ದ. ಉತ್ತರ ಬೇಕಾದ ಪ್ರಶ್ನೆಗಳನ್ನೂ ಎಷ್ಟೋ ಸಲ ಅದೇ ಗುಂಪಿಗೆ ಸೇರಿಸಿಬಿಡುತ್ತಿದ್ದ.

ಪೆಟ್ಟಿಗೆ ಆಳುದ್ದ ಇತ್ತು. ಲಿಫ್ಟಿನಲ್ಲಿ ಹಿಡಿಸದೆ ಇಬ್ಬರು ಅದನ್ನು ನಾಲ್ಕು ಮಹಡಿ ಹೊತ್ತು ತಂದು ಮುಂಗೋಣೆಯಲ್ಲಿ ಇಳಿಸಿ, "ಏನು ಸಾರ್ ಇದರೊಳಗೆ? ಗಾತ್ರ ನೋಡಿದ್ರೆ ಇಷ್ಟು, ಭಾರಾನೇ ಇಲ್ಲ," ಎಂದಿದ್ದರು. ವಿಮಾನ ಎಂದಾಗ ಒಬ್ಬ ನಕ್ಕ. ಇನ್ನೊಬ್ಬ ನಗದೆ ಸಹಿ ಹಾಕಿಸಿಕೊಂಡು ಹೋದ. ನಗದಿದ್ದವನ ಮೇಲೆ ಅವನಿಗೆ ಯಾಕೋ ಗೌರವ ಮೂಡಿತು.

ವಿಷಯ ಇಷ್ಟೇ. ಹೆಂಡತಿ ಸೇತುವೆ ಕಟ್ಟುವ ಎಂಜಿನಿಯರು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದೂರದಲ್ಲಿ ನದಿಯೊಂದಕ್ಕೆ ಹೊಸ ಸೇತುವೆ. ಎರಡು ವರ್ಷದ ಕೆಲಸ, ಹೆಚ್ಚೂ ಆಗಬಹುದು. ನಾಳೆ ಬೆಳಿಗ್ಗೆ ಅವಳು ಹೊರಡಬೇಕು. ಕಂಪನಿಯವರು ಅಲ್ಲಿ ಎರಡು ಸಾಲು ಮನೆ ಕಟ್ಟಿಸಿದ್ದಾರೆ. ಒಂದು ಸಾಲು ಒಂಟಿಯಾಗಿ ಬರುವವರಿಗೆ, ಇನ್ನೊಂದು ಜೋಡಿಯಾಗಿ ಬರುವವರಿಗೆ. ಅವಳಿಗೆ ಯಾವುದು ಬೇಕೆಂದು ಇವತ್ತು ಸಂಜೆ ಐದರೊಳಗೆ ಫೋನಿನಲ್ಲಿ ಹೇಳಬೇಕು. ಐದಕ್ಕೆ ಮನೆ ಹಂಚುವ ಗುಮಾಸ್ತ ಬಾಗಿಲು ಹಾಕುತ್ತಾನೆ, ಆಮೇಲೆ ಬದಲಾಯಿಸುವಂತಿಲ್ಲ.

ಬರುತ್ತೀಯಾ ಎಂದು ಅವಳು ಮೊದಲು ಕೇಳಿ ಹತ್ತೊಂಬತ್ತು ದಿನವಾಗಿತ್ತು. ಅವನು "ನೋಡೋಣ" ಎಂದಿದ್ದ. ಅದಾದ ನಾಲ್ಕನೆಯ ದಿನ, ರಿಮೋಟಿನಲ್ಲಿ ಹಾರಿಸುವ ಈ ವಿಮಾನ ಕಳಿಸಿಕೊಡಲು ಬರೆದು ಹಾಕಿದ್ದ. ಎರಡಕ್ಕೂ ಏನೇನೂ ಸಂಬಂಧವಿಲ್ಲ ಎಂದು ಅವನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲ. ಯಾರೂ ಆಣೆ ಮಾಡಿಸಲಿಲ್ಲ, ಅಷ್ಟೆ.

ಬರಲಾಗದಿರುವುದಕ್ಕೆ ಅವನ ಹತ್ತಿರ ಕಾರಣವೇ ಇರಲಿಲ್ಲ, ತೊಂದರೆಯಾಗಿದ್ದೇ ಅದು. ಅವನು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವವನು. "ಅಲ್ಲೂ ಜನರಿಗೆ ಎರಡೆರಡು ಕಿವಿ ಇರತ್ತೆ," ಎಂದು ಹೆಂಡತಿ ಹೇಳಿದ್ದಳು. ಅಲ್ಲಿನ ಆಸ್ಪತ್ರೆಗೆ ಅವನಂಥವನು ಬೇಕಾಗಿಯೂ ಇತ್ತು. ಊರವರ ಕಿವಿ ನೋಡುವವನಿಗೆ ಮನೆಯ ಮಾತು ಕೇಳಿಸುವುದಿಲ್ಲ ಎಂಬ ತಮಾಷೆಯನ್ನು ಅವಳು ಮದುವೆಯಾದ ವರ್ಷವೇ ಮಾಡಿ ಮುಗಿಸಿದ್ದಳು. ಈಗ ಅವಳು ತಮಾಷೆ ಮಾಡುತ್ತಿರಲಿಲ್ಲ, ಬರೀ ಕೇಳುತ್ತಿದ್ದಳು.

ಪೆಟ್ಟಿಗೆ ತೆರೆದುಕೊಂಡಿತು. ಒಳಗೆ ಬಿಳಿ ಥರ್ಮಾಕೋಲಿನ ಹಾಸಿಗೆ, ಅದರ ಗುಣಿಗಳಲ್ಲಿ ಒಂದೊಂದೇ ಅಂಗ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ಎಡರೆಕ್ಕೆ, ಬಲರೆಕ್ಕೆ, ಒಡಲು, ಬಾಲದ ಎರಡು ತುಂಡು. ಕೆಂಪು, ಅದರ ಮೇಲೆ ಕೆನೆ ಬಣ್ಣದ ಪಟ್ಟೆ. ಹಗುರ ಮರದ ವಾಸನೆ ಕೋಣೆಗೆಲ್ಲ ಹರಡಿತು. ಅವನು ಎಡರೆಕ್ಕೆಯನ್ನು ಎತ್ತಿಕೊಂಡ. ಅವನ ತೋಳಿಗಿಂತ ಉದ್ದವಿದ್ದ ಆ ವಸ್ತು ಭಾರವೆನಿಸಲೇ ಇಲ್ಲ. ಎತ್ತಿಕೊಂಡಿದ್ದೇನೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿಕೊಳ್ಳಬೇಕಾಯಿತು.

ಚಿಕ್ಕಂದಿನಲ್ಲಿ ವಿಮಾನದ ಹುಚ್ಚಿತ್ತೇ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದರು. ಇರಲಿಲ್ಲ. ಇದ್ದಿದ್ದರೆ ಹೇಳಲು ಸುಲಭವಾಗುತ್ತಿತ್ತು. ಆದದ್ದು ಬೇರೆ. ಕಿವಿ ಪರೀಕ್ಷೆಗೆ ಅಲ್ಲೊಂದು ಸದ್ದು ಹೊಗದ ಪುಟ್ಟ ಕೋಣೆ ಇದೆ. ಜನ ಒಳಗೆ ಕೂರುತ್ತಾರೆ, ಇವನು ಗಾಜಿನಾಚೆಯಿಂದ ಸಣ್ಣ ಸಣ್ಣ ಶಬ್ದ ಕಳಿಸುತ್ತಾನೆ, ಕೇಳಿಸಿದರೆ ಅವರು ಗುಂಡಿ ಒತ್ತುತ್ತಾರೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವನೇ ಒಳಗೆ ಹೋಗಿ ಬಾಗಿಲೆಳೆದುಕೊಂಡು ಕೂತ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ತನ್ನದೇ ರಕ್ತದ ಓಡಾಟ. ಆಮೇಲೆ ಬಹಳ ಎತ್ತರದಲ್ಲಿ, ಬಹಳ ದೂರದಲ್ಲಿ, ಒಂದು ಸಣ್ಣ ಮೋಟಾರಿನ ಗುಂಯ್ ಸದ್ದು. ಅಂಥದ್ದು ಅಲ್ಲಿ ಕೇಳಿಸಲು ಸಾಧ್ಯವೇ ಇರಲಿಲ್ಲ. ಅವನು ಕಣ್ಣು ಮುಚ್ಚಿ ಅದು ಮರೆಯಾಗುವವರೆಗೂ ಕೇಳಿದ. ಅಷ್ಟು ಸುಖ ಈಚೆಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

"ಇದೇನು, ಮೈಯೆಲ್ಲ ಸುಕ್ಕು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ನಿಜ. ರೆಕ್ಕೆಗೆ ಹೊದಿಸಿದ ತೆಳು ಹಾಳೆ ಅಲ್ಲಲ್ಲಿ ಸುಕ್ಕುಗಟ್ಟಿತ್ತು. ದಾರಿಯಲ್ಲಿ ಬಿಸಿಲು ತಂಪು ತಾಗಿ ಹಾಗಾಗುತ್ತದೆ, ಇಸ್ತ್ರಿ ಹಾಕಿದರೆ ಬಿಗಿಯುತ್ತದೆ ಎಂದು ಪುಸ್ತಿಕೆಯಲ್ಲಿ ಬರೆದಿತ್ತು.

"ಇಸ್ತ್ರಿ ಪೆಟ್ಟಿಗೆ ಕೊಡ್ತೀಯಾ?"

"ನನ್ನ ಅಂಗಿ ಇನ್ನೂ ಒಂಬತ್ತಿದೆ."

ಕೊನೆಗೆ ಊಟದ ಮೇಜಿನ ಒಂದು ತುದಿಯಲ್ಲಿ ಅಂಗಿ, ಇನ್ನೊಂದು ತುದಿಯಲ್ಲಿ ರೆಕ್ಕೆ ಎಂದಾಯಿತು. ಅವಳು ಒಂದು ಅಂಗಿ ಮುಗಿಸಿ ಮಡಿಸುವಷ್ಟರಲ್ಲಿ ಅವನು ಎರಡು ಗೇಣು ರೆಕ್ಕೆ ಮುಗಿಸಬೇಕು. ಇಸ್ತ್ರಿ ಪೆಟ್ಟಿಗೆ ಆ ಕೈಯಿಂದ ಈ ಕೈಗೆ ಬರುತ್ತಿತ್ತು. ಬಿಸಿ ತಾಗಿದೊಡನೆ ಹಾಳೆ ನಡುಗಿ, ಸುಕ್ಕುಗಳು ಕರಗಿ, ಕೆಂಪು ಮೈ ನಯವಾಗಿ ಬಿಗಿದುಕೊಳ್ಳುತ್ತಿತ್ತು. ಅವಳು ಅಂಗಿ ಮಡಿಸುವುದನ್ನು ನಿಲ್ಲಿಸಿದಳು.

"ಅಯ್ಯೋ, ಚೆನ್ನಾಗಿದೆಯಲ್ಲೋ! ಕೊಡಿಲ್ಲಿ, ನಾನೊಂದು ಮಾಡ್ತೀನಿ."

ಬಲರೆಕ್ಕೆಯನ್ನು ಪೂರ್ತಿ ಅವಳೇ ಮಾಡಿದಳು. ಅವಸರವಿಲ್ಲದೆ, ನಡುವಿನಿಂದ ಅಂಚಿಗೆ, ನಾಲಿಗೆ ತುದಿ ಹಲ್ಲಿಗೆ ಕಚ್ಚಿಕೊಂಡು. ಅವಳ ಹಣೆಯ ಮೇಲೆ ಬೆವರು ಸಣ್ಣಗೆ ಮೂಡಿತ್ತು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಯಿತು ಎಂದುಕೊಂಡ. ಅವಳ ಮೇಲೆ ಅವನಿಗೆ ತುಂಬ ಪ್ರೀತಿ ಬಂತು. ಅದರಲ್ಲಿ ಅನುಮಾನವೇ ಇರಲಿಲ್ಲ. ಅವಳು ತಲೆಯೆತ್ತಿ, ಇಸ್ತ್ರಿ ಪಕ್ಕಕ್ಕಿಟ್ಟು, ಸಣ್ಣ ದನಿಯಲ್ಲಿ ಕೇಳಿದಳು:

"ಹೇಳು. ಬರ್ತೀಯಾ?"

"ಆ ಮೂಲೇಲಿ ಇನ್ನೊಂದು ಸುಕ್ಕಿದೆ," ಎಂದ.

ಅವಳು ಆ ಸುಕ್ಕನ್ನೂ ತೆಗೆದಳು. ಆಮೇಲೆ ಇಸ್ತ್ರಿಯ ಪ್ಲಗ್ಗು ಕಿತ್ತು, ಉಳಿದ ನಾಲ್ಕು ಅಂಗಿಗಳನ್ನು ಹಾಗೇ ಮುದ್ದೆ ಮಾಡಿ ಎತ್ತಿಕೊಂಡು ಒಳಗೆ ಹೋದಳು.

ಅವನು ಒಡಲಿನ ಕೆಲಸಕ್ಕೆ ಕೈಹಾಕಿದ. ಗಂಟೆ ಒಂದಾಗಿತ್ತು, ಎರಡಾಯಿತು. ಬೆರಳುಗಳಿಗೆ ಕೆಲಸ ಕೊಟ್ಟರೆ ತಲೆ ತನ್ನ ಪಾಡಿಗೆ ಎಲ್ಲೋ ಹೋಗುತ್ತಿತ್ತು. ಸಣ್ಣ ಸಣ್ಣ ಮೋಟಾರುಗಳನ್ನು ಅವುಗಳ ಗೂಡಿನಲ್ಲಿ ಕೂರಿಸಿ ತಿರುಪು ಬಿಗಿದ; ತಂತಿಗಳನ್ನು ದಾರ ಕಟ್ಟಿ ರೆಕ್ಕೆಯ ಹೊಟ್ಟೆಯೊಳಗಿಂದ ಎಳೆದ. ಎಳೆಯುತ್ತ ಎಳೆಯುತ್ತ ತಾನು ಮೇಲಿದ್ದೇನೆ ಅನ್ನಿಸಿತು. ಕೆಳಗೆ ಬೀದಿ, ಬೀದಿಯಲ್ಲಿ ನಾಲ್ಕು ಮಹಡಿಯ ಮನೆ, ಅದರೊಳಗೆ ನೆಲದ ಮೇಲೆ ಕೂತು ದಾರ ಎಳೆಯುತ್ತಿರುವ ಒಬ್ಬ ಮನುಷ್ಯ. ಅವನ ನೆತ್ತಿಯಲ್ಲಿ ಕೂದಲು ತೆಳುವಾಗಿತ್ತು. ಒಳ್ಳೆಯವನಂತೆ ಕಂಡ. ಅವನ ಬಗ್ಗೆ ಬೇರೇನೂ ಗೊತ್ತಾಗಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಅವನು ಕೆಳಗಿಳಿದ. ಕೆಳಮನೆಯ ದರ್ಜಿ ಬಂದಿದ್ದ. ಹೆಂಡತಿಯ ದಪ್ಪ ಕೋಟಿನ ಒಳಗಿನ ಅಸ್ತರಿ ಬದಲಾಯಿಸಿ ತಂದಿದ್ದ. ಸೇತುವೆಯ ಕಡೆ ಚಳಿ ಜಾಸ್ತಿಯಂತೆ. ಕೋಟು ತೋಳಮೇಲೆ ಹಾಕಿಕೊಂಡೇ ಅವನು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಬಂದು, ರೆಕ್ಕೆಯ ಮೇಲೆ ಬೆರಳಾಡಿಸಿ, ಹೊಲಿಗೆ ಹುಡುಕಿದ.

"ಒಂದೂ ಹೊಲಿಗೆ ಇಲ್ಲ! ಎಲ್ಲಾ ಅಂಟೇನಾ ಸಾರ್?"

"ಅಂಟೇ."

"ಅಂಟು ನಂಬಿಕೊಂಡು ಮೇಲೆ ಬಿಡ್ತೀರಾ? ಧೈರ್ಯ ನಿಮ್ಮದು. ಎಲ್ಲಿ ಹಾರಿಸ್ತೀರಿ ಇದನ್ನ?"

ಅವನು ಅದನ್ನು ಯೋಚಿಸಿರಲೇ ಇಲ್ಲ. ಈ ಸುತ್ತಿನಲ್ಲಿ ಬಯಲೆನ್ನುವುದು ಎಲ್ಲೂ ಇರಲಿಲ್ಲ. "ನೋಡೋಣ," ಎಂದ.

"ಮೇಡಂ ಹೋಗ್ತಿರೋ ಕಡೆ ನದಿ ದಂಡೆ ಇರತ್ತೆ. ಒಳ್ಳೆ ಜಾಗ. ನೀವೂ ಹೊರಟ್ರಿ ತಾನೆ?"

ಹೆಂಡತಿ ಕೋಟು ಇಸಿದುಕೊಳ್ಳಲು ಬಂದವಳು ಅಲ್ಲೇ ನಿಂತಳು. ದರ್ಜಿ ಇಬ್ಬರ ಮುಖವನ್ನೂ ನೋಡಿದ. ಅಳತೆ ತೆಗೆದು ತೆಗೆದು ಅವನಿಗೆ ಜನರನ್ನು ಹಾಗೆ ನೋಡುವುದು ಅಭ್ಯಾಸ.

"ತೋಳು ಸ್ವಲ್ಪ ಬಿಟ್ಟಿದ್ದೀನಿ ಮೇಡಂ, ಹಾಕ್ಕೊಂಡು ನೋಡಿ," ಎಂದು ಮಾತು ತಿರುಗಿಸಿದ. ಹೋಗುವಾಗ ಬಾಗಿಲನ್ನು ಬಹಳ ಮೆಲ್ಲಗೆ ಎಳೆದುಕೊಂಡ.

ಮೂರಕ್ಕೆ ಬಾಲ. ಬಾಲ ನೆಟ್ಟಗೆ ಕೂರದಿದ್ದರೆ ವಿಮಾನ ಜೀವಮಾನವಿಡೀ ಒಂದೇ ಕಡೆಗೆ ವಾಲುತ್ತದೆಯಂತೆ. ಅವನು ಎರಡು ಕೊಳವೆಗಳ ಅಂಟನ್ನು ಸಮಸಮ ಹಿಂಡಿ, ಕಡ್ಡಿಯಲ್ಲಿ ಕಲಸಿ, ಸವರಿ, ಬಾಲವನ್ನು ಒಡಲಿನ ಕಚ್ಚಿನಲ್ಲಿ ಒತ್ತಿ ಹಿಡಿದ. ಒಣಗಲು ಅರ್ಧ ಗಂಟೆ. ಪೇಪರ್ ಟೇಪು ಸುತ್ತಿ ಎದ್ದು ಹೋಗಬಹುದು ಎಂದು ಪುಸ್ತಿಕೆಯಲ್ಲಿ ಚಿತ್ರಸಮೇತ ಇತ್ತು. ಅವನು ಟೇಪು ಸುತ್ತಲಿಲ್ಲ, ಎರಡೂ ಕೈಯಲ್ಲಿ ಹಿಡಿದೇ ಕೂತ.

ಅವಳು ಬಂದು ಎದುರಿಗೆ ನೆಲದ ಮೇಲೆ ಕುಳಿತಳು.

"ಮಾತಾಡ್ಬೇಕು."

"ಅಂಟು ಹಿಡ್ಕೊಂಡಿದ್ದೀನಿ."

"ಬಾಯಿಗೂ ಹಾಕ್ಕೊಂಡಿದ್ದೀಯಾ?"

ಅವನಿಗೆ ನಗು ಬಂತು. ಅವಳಿಗೂ ಬಂತು, ಆದರೆ ಅವಳು ಅದನ್ನು ಅಲ್ಲೇ ನಿಲ್ಲಿಸಿದಳು.

"ನೋಡು, ನೀನು ಬರಲ್ಲ ಅಂದ್ರೂ ನಂಗೆ ಪರವಾಗಿಲ್ಲ. ಅಳ್ತೀನಿ, ಒಂದು ವಾರ ಅಳ್ತೀನಿ. ಆಮೇಲೆ ಕೆಲಸ ಮಾಡ್ತೀನಿ. ಆದ್ರೆ ನೀನು ಹೇಳ್ಬೇಕು. ನಿನ್ನ ಬದಲು ನಾನು ಊಹೆ ಮಾಡ್ಕೊಂಡು ಹೇಳಲ್ಲ. ಹನ್ನೊಂದು ವರ್ಷ ಅದನ್ನೇ ಮಾಡಿದ್ದೀನಿ."

"ಹಾಗೇನಿಲ್ಲ."

"ಹಾಗೇನಿಲ್ಲ ಅಂದ್ರೆ?"

"ಅಂದ್ರೆ... ಬರಬಾರದು ಅಂತೇನಿಲ್ಲ."

"ಬರ್ತೀಯಾ ಹಾಗಾದ್ರೆ?"

"ಅಂಟು ಒಣಗ್ಲಿ."

ಅವಳು ಅವನ ಕೈಗಳನ್ನೇ ನೋಡುತ್ತ ಕುಳಿತಳು. ಒಡಲಿನ ಪಕ್ಕದಲ್ಲಿ, ಇನ್ನೂ ಪೊಟ್ಟಣದಲ್ಲೇ ಇದ್ದ ಪೈಲಟ್ ಗೊಂಬೆ ಅವಳ ಕಣ್ಣಿಗೆ ಬಿತ್ತು. ಎತ್ತಿ ತಿರುಗಿಸಿ ನೋಡಿದಳು. ಟೊಪ್ಪಿ, ಕನ್ನಡಕ, ಗಟ್ಟಿ ಗದ್ದ, ಎದೆಯವರೆಗೆ ಅಂಗಿ. ಅಲ್ಲಿಗೆ ಮುಗಿದಿತ್ತು.

"ಕೈಯೇ ಇಲ್ವಲ್ಲೋ ಇವನಿಗೆ."

"ಗಾಜಿನ ಮೇಲಿಂದ ಇಷ್ಟೇ ಕಾಣೋದು. ಇನ್ನುಳಿದಿದ್ದು ಯಾಕೆ, ಸುಮ್ಮನೆ ಭಾರ."

"ಮುಖ ಮಾತ್ರ ಭಾರಿ ಧೈರ್ಯಸ್ಥನ ಥರ ಇದೆ," ಎಂದು ಗೊಂಬೆಯನ್ನು ಅವನ ತೊಡೆಯ ಮೇಲಿಟ್ಟು ಎದ್ದಳು. "ಐದಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಮಾಡ್ತೀನಿ."

ಅರ್ಧ ಗಂಟೆ ಕಳೆದರೂ ಅವನು ಕೈ ಬಿಡಲಿಲ್ಲ. ಅಂಟು ಯಾವಾಗಲೋ ಕಲ್ಲಾಗಿತ್ತು. ಒಳಗೆ ಅವಳು ಸೂಟ್‌ಕೇಸಿನ ಜಿಪ್ಪು ಎಳೆಯುವುದು ಕೇಳಿಸಿತು. ಅರ್ಧಕ್ಕೆ ಸಿಕ್ಕಿಕೊಂಡಿತು, ಅವಳು ಮಂಡಿಯೂರಿ ಅದುಮಿದಳು, ಮತ್ತೆ ಎಳೆದಳು. ಅವನ ಕಿವಿ ಅಷ್ಟು ಸೂಕ್ಷ್ಮ. ಅವಳ ಉಸಿರು ಹೆಚ್ಚಾದದ್ದೂ ಗೊತ್ತಾಯಿತು. ಎದ್ದು ಹೋಗಿ ಆ ಮುಚ್ಚಳ ಅದುಮಿ ಹಿಡಿಯಬೇಕು ಅನ್ನಿಸಿತು. ಅದುಮಿ ಹಿಡಿದರೆ ಅದು ಕಳಿಸಿಕೊಟ್ಟಂತಾಗುತ್ತದೋ, ಜೊತೆಗೆ ಹೊರಟಂತಾಗುತ್ತದೋ ತಿಳಿಯದೆ ಕೂತೇ ಇದ್ದ.

ನಾಲ್ಕೂವರೆಗೆ ವಿಮಾನ ಎದ್ದು ನಿಂತಿತು. ಎರಡು ರೆಕ್ಕೆ ಸೇರಿ ಮುಂಗೋಣೆಯನ್ನು ಗೋಡೆಯಿಂದ ಗೋಡೆಗೆ ತುಂಬಿತ್ತು. ಬೇರೆ ಹೇಗೆ ತಿರುಗಿಸಿದರೂ ಹಿಡಿಸದೆ, ಕೊನೆಗೆ ಅದರ ಮೂತಿ ಒಳಕೋಣೆಯ ಬಾಗಿಲಿಗೆ ನೇರವಾಗಿ ನಿಂತಿತು. ಬಾಲವನ್ನು ಅವನು ಹಗ್ಗದಿಂದ ಸೋಫಾದ ಕಾಲಿಗೆ ಬಿಗಿದ. ಹಾಗೆ ಕಟ್ಟಬೇಕೆಂದು ಪುಸ್ತಿಕೆಯಲ್ಲಿತ್ತು. ಎಲ್ಲ ಪರೀಕ್ಷೆ ಮುಗಿಯುವವರೆಗೆ ಮೂತಿಗೆ ಪಂಖ ಹಾಕಬೇಡಿ ಎಂದೂ ಇತ್ತು. ಆದರೆ ಪಂಖವಿಲ್ಲದೆ ಅದು ಮೂಗಿಲ್ಲದ ಮುಖದಂತೆ ಕಾಣುತ್ತಿತ್ತು. ಒಂದು ತೋಳುದ್ದದ ಕಪ್ಪು ಪಂಖ. ಹಾಕಿ ನೋಡಿದ, ಚೆಂದ ಕಂಡಿತು, ಬಿಚ್ಚಲು ಮನಸ್ಸಾಗಲಿಲ್ಲ.

ಉಳಿದದ್ದು ರಿಮೋಟಿಗೂ ವಿಮಾನಕ್ಕೂ ಪರಿಚಯ ಮಾಡಿಸುವುದು. ಸಣ್ಣ ಬ್ಯಾಟರಿ ಜೋಡಿಸಿದೊಡನೆ ಒಡಲಿನೊಳಗೆ ಕೆಂಪು ದೀಪವೊಂದು ಮಿಟುಕತೊಡಗಿತು. ರಿಮೋಟಿನ ಕಡ್ಡಿ ಸರಿಸಿದರೆ ಬಾಲ ಅಲ್ಲಾಡಿತು. ಇನ್ನೊಂದು ಸರಿಸಿದರೆ ರೆಕ್ಕೆಯಂಚು ಏರಿ ಇಳಿಯಿತು. ಕೋಣೆಯಲ್ಲಿ ಇನ್ನೊಂದು ಜೀವ ಬಂದಂತಾಯಿತು. ಪುಸ್ತಿಕೆಯ ಕೊನೆಯ ಪುಟ ಬಾಕಿ. ಹಾರುತ್ತಿರುವಾಗ ನೆಲದ ಮಾತು, ಅಂದರೆ ರಿಮೋಟಿನ ಸಂಕೇತ, ವಿಮಾನಕ್ಕೆ ಕೇಳಿಸದಂತಾದರೆ ಅದು ತನ್ನಷ್ಟಕ್ಕೆ ಏನು ಮಾಡಬೇಕು? ಅದನ್ನು ಮೊದಲೇ ಕಲಿಸಿಡಬೇಕಂತೆ. ರಿಮೋಟಿನಲ್ಲಿ ಪಂಖದ ಮೋಟಾರಿನ ವೇಗ ಏರಿಸಿ ಇಳಿಸುವ ಕಡ್ಡಿಯನ್ನು ಪೂರ್ತಿ ಕೆಳಗಿಟ್ಟು, ಒಡಲಿನ ಪುಟ್ಟ ಗುಂಡಿಯನ್ನು ದೀಪ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು. ಆ ಗಳಿಗೆಯಲ್ಲಿ ಕಡ್ಡಿ ಎಲ್ಲಿರುತ್ತದೋ ಅದನ್ನೇ ವಿಮಾನ ನೆನಪಿಟ್ಟುಕೊಳ್ಳುತ್ತದೆ.

ಅವನು ಎಡಗೈಯಲ್ಲಿ ರಿಮೋಟು ಹಿಡಿದು, ಹೆಬ್ಬೆರಳನ್ನು ಕಡ್ಡಿಯ ಮೇಲಿಟ್ಟು, ಬಲಗೈಯಿಂದ ಗುಂಡಿ ಒತ್ತಿದ.

"ಒಂದೋ ಎರಡೋ?"

ಅವಳು ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಫೋನು. ಅವನು ತಿರುಗಿದ. ಹೆಬ್ಬೆರಳಿನ ಕೆಳಗೆ ಏನೋ ಜಾರಿದಂತಾಯಿತು. ಅವಳು ಕೋಟು ಹಾಕಿಕೊಂಡಿದ್ದಳು, ಅಳತೆ ನೋಡಲೆಂದು ಹಾಕಿಕೊಂಡವಳು ಬಿಚ್ಚುವುದನ್ನು ಮರೆತಿರಬೇಕು. ಆಗಲೇ ಆ ದೂರದ ಊರಿನವಳಂತೆ ಕಂಡಳು.

"ಒಂದು ನಿಮಿಷ," ಎಂದ.

"ಆಯ್ತು," ಎಂದಳು ಅವಳು. ಕೋಪವಿರಲಿಲ್ಲ. "ಒಂದು ನಿಮಿಷ ಇದೆ."

ಅವಳು ಒಳಕೋಣೆಯ ಕಿಟಕಿಯ ಕಡೆಗೆ ಸರಿದಳು. ದೀಪ ಮಿಟುಕುವುದು ನಿಂತಿತ್ತು. ಅವನು ಕಡ್ಡಿಯನ್ನು ಕೆಳಗೆಳೆದು, ಪಂಖದ ಮೋಟಾರಿನ ದೊಡ್ಡ ಬ್ಯಾಟರಿಯನ್ನೂ ಜೋಡಿಸಿದ. ಮೋಟಾರು ಮೂರು ಸಲ ಸಣ್ಣಗೆ ಕೂಗಿ ಸುಮ್ಮನಾಯಿತು. ಒಳಗೆ ಅವಳು ನಂಬರು ಒತ್ತುತ್ತಿದ್ದಳು. ಒಂದೊಂದು ಅಂಕಿಯ ಸದ್ದೂ ಅವನಿಗೆ ಬೇರೆ ಬೇರೆಯಾಗಿ ಕೇಳಿಸಿತು. ಆಚೆ ಗಂಟೆ ಹೊಡೆಯುತ್ತಿರುವುದು ಕೇಳಿಸಿತು. ಯಾರೋ ಎತ್ತಿಕೊಂಡರು.

ಆಗ ಅವನಿಗೆ ಗೊತ್ತಾಯಿತು, ಹೋಗಬೇಕು ಎಂದು. ಕಾರಣ ಹೊಳೆದು ಗೊತ್ತಾದದ್ದಲ್ಲ. ಹಸಿವು ಗೊತ್ತಾದ ಹಾಗೆ ಗೊತ್ತಾಯಿತು. ಎರಡು ಎನ್ನಬೇಕು, ಅಷ್ಟೇ. ಎರಡು ಹೆಜ್ಜೆ ಇಟ್ಟರೆ ಬಾಗಿಲು. ಅವನು ಯಾವುದನ್ನೂ ಅರ್ಧಕ್ಕೆ ಬಿಟ್ಟು ಏಳುವವನಲ್ಲ. ಶಿಸ್ತಾಗಿ ರಿಮೋಟನ್ನು ಆಫ್ ಮಾಡಿದ.

ನೆಲದ ಮಾತು ನಿಂತುಹೋದ ವಿಮಾನ ತನಗೆ ಕಲಿಸಿದ್ದನ್ನು ಮಾಡಿತು. ಮೋಟಾರು ಒಮ್ಮೆಲೇ ಪೂರ್ತಿ ವೇಗಕ್ಕೆ ಏರಿತು. ಹಗ್ಗ ಟಣ್ಣನೆ ಬಿಗಿಯಿತು, ಸೋಫಾ ಒಂದು ಗೇಣು ಸರಿದು ಗಟ್ಟಿಯಾಗಿ ನಿಂತಿತು. ಸದ್ದು ಕೋಣೆಯನ್ನು ತುಂಬಿ, ಗೋಡೆಗೆ ತುಂಬಿ, ಅವನ ಹಲ್ಲಿನೊಳಗೂ ತುಂಬಿತು. ಥರ್ಮಾಕೋಲಿನ ಬಿಳಿ ಕಾಳುಗಳು ನೆಲದಿಂದೆದ್ದು ಅವನ ಮುಖಕ್ಕೆ, ಕೂದಲಿಗೆ, ಬಾಯಿಗೆ ಹೊಡೆದವು. ಪುಸ್ತಿಕೆಯ ಹಾಳೆಗಳು ತಲೆಯ ಮೇಲೆಲ್ಲ ಹಾರಿದವು. ಹೆಬ್ಬೆರಳಿನ ಕೆಳಗೆ ಜಾರಿದ್ದೇನು ಎಂದು ಈಗ ತಿಳಿಯಿತು: ಅವನು ತಿರುಗಿದಾಗ ಕಡ್ಡಿ ತುದಿಯವರೆಗೆ ಮೇಲೇರಿತ್ತು, ವಿಮಾನ ಅದನ್ನೇ ಕಲಿತಿತ್ತು.

ಪಂಖ ಕಾಣುತ್ತಿರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ತೆಳುವಾದ, ದುಂಡಗಿನ ಹೊಗೆಯಂಥದ್ದು ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಅದರ ಆಚೆಗೆ ಅವಳು ಓಡಿಬಂದು ನಿಂತಳು. ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಅಂಗೈ.

"ಬರ್ತೀನಿ!" ಎಂದು ಅವನು ಕೂಗಿದ.

ಅವನಿಗೇ ಕೇಳಿಸಲಿಲ್ಲ. ಗಂಟಲು ಅದುರಿದ್ದು ಮಾತ್ರ ತಿಳಿಯಿತು. ಇನ್ನೊಮ್ಮೆ ಕೂಗಿದ. ಅವಳು ತಲೆಯಾಡಿಸಿ ಕಿವಿ ತೋರಿಸಿದಳು. ಇಷ್ಟು ಸುಲಭವೇ, ಎಂದುಕೊಂಡ. "ಬರಲ್ಲ," ಎಂದು ಮೆಲ್ಲಗೆ ಅಂದು ನೋಡಿದ. ಅದಕ್ಕೂ ಗಂಟಲು ಅಷ್ಟೇ ಅದುರಿತು. ಎರಡರಲ್ಲಿ ಯಾವುದನ್ನು ಹೇಳಿದಾಗಲೂ ಏನೂ ಆಗಲಿಲ್ಲ. ಮೈಯೆಲ್ಲ ಹಗುರಾಯಿತು.

ರಿಮೋಟು ಅವನ ಕೈಯಲ್ಲೇ ಇತ್ತು. ಮತ್ತೆ ಆನ್ ಮಾಡಿ ಕಡ್ಡಿ ಕೆಳಗಿಟ್ಟರೆ ಮೋಟಾರು ನಿಲ್ಲುತ್ತದೆ. ಹಾಗೇ ಬಿಟ್ಟರೆ ಬ್ಯಾಟರಿ ಎಂಟು ನಿಮಿಷ ಬರುತ್ತದೆ. ಹೆಬ್ಬೆರಳು ಗುಂಡಿಯ ಮೇಲಿತ್ತು.

ಅವಳು ಎಂಜಿನಿಯರು, ದಾರಿ ಹುಡುಕಿದಳು. ಕಿವಿಯಿಂದ ಅಂಗೈ ತೆಗೆದು, ಆ ಹೊಗೆಯ ಆಚೆಯಿಂದ ಅವನಿಗೆ ಕಾಣುವಂತೆ ಒಂದು ಬೆರಳು ಎತ್ತಿದಳು. ಹುಬ್ಬೇರಿಸಿ ನೋಡಿದಳು. ಆಮೇಲೆ ಎರಡು ಬೆರಳು ಎತ್ತಿದಳು. ಮತ್ತೆ ಒಂದು. ಮತ್ತೆ ಎರಡು. ಕೋಟಿನ ತೋಳು ಉದ್ದವಾಗಿ ಮಣಿಕಟ್ಟಿನ ಮೇಲೆ ಜಾರುತ್ತಿತ್ತು, ಅವಳು ಅದನ್ನು ಹಿಂದಕ್ಕೆ ತಳ್ಳಿ ತಳ್ಳಿ ಕೇಳಿದಳು. ಅವನು ಒಂದು ಕೈ ಎತ್ತಿದ್ದರೆ ಸಾಕಿತ್ತು.

ಅವನು ಎರಡೂ ಕೈಯಲ್ಲಿ ರಿಮೋಟನ್ನು ಹಿಡಿದುಕೊಂಡು, ಬಿಳಿ ಕಾಳುಗಳು ಬೀಳುತ್ತಿದ್ದಂತೆ, ಅವಳನ್ನು ನೋಡುತ್ತ ನಿಂತ.